ಹತ್ತು ಆಂಪೂಲು, ಒಂದು ಮಂಡಿ

ಮೈಸೂರಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸವೆಂದರೆ, ನಮ್ಮ ಆಸ್ಪತ್ರೆಯ ಜೀಪ್ ಡ್ರೈವರನ್ನು ಬೆಂಚಿನ ಮೇಲೆ ಕೂರಿಸಿ ಅವರ ಮಂಡಿಗೆ ಹೊಡೆದದ್ದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹಾರನಹಳ್ಳಿಯಿಂದ ಒಂದಷ್ಟು ದೂರದಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ನಮ್ಮದೊಂದು ಸಣ್ಣ ಸರ್ಕಾರಿ ಆಸ್ಪತ್ರೆ. ಆರು ಮಂಚ, ಒಂದು ಹೆರಿಗೆ ಕೋಣೆ, ಒಂದು ಹಳೆಯ ಜೀಪು. ನಾನು ಅಲ್ಲಿ ಸ್ಟಾಫ್ ನರ್ಸ್. ಮಿರ್ಲೆ ಕಡೆಯ ಒಕ್ಕಲು ಮನೆಯವಳು, ಆಗ ಇಪ್ಪತ್ತಾರರ ವಯಸ್ಸು. ನನ್ನ ಜೊತೆ ಕೆಲಸ ಮಾಡುತ್ತಿದ್ದವರು ಮುಖ್ಯವಾಗಿ ಮೂವರು. ಒಬ್ಬರು ನಮ್ಮ ಡಾಕ್ಟರು, ನನಗಿಂತ ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವರು. ಇನ್ನೊಬ್ಬರು ದೊಡ್ಡ ಸಿಸ್ಟರ್. ಸುತ್ತಿನ ಹಳ್ಳಿಗಳ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದರು, ನಿವೃತ್ತಿಗೆ ಮೂರು ವರ್ಷವಿತ್ತು. ಮತ್ತೊಬ್ಬರು ಈ ಡ್ರೈವರು, ಪಿರಿಯಾಪಟ್ಟಣದ ಪೇಟೆಯ ಸಾಬರು. ಅವರ ಅಣ್ಣತಮ್ಮಂದಿರೆಲ್ಲ ಹಾಸಿಗೆ ಹೊಲಿಯುವ ಅಂಗಡಿ ಇಟ್ಟಿದ್ದರೆ ಇವರೊಬ್ಬರು ಸ್ಟಿಯರಿಂಗ್ ಹಿಡಿದಿದ್ದರು.

"ಏನ್ ಸಿಸ್ಟರಮ್ಮ ಇದು? ಮಂಡಿಗೆ ಹೊಡೆಯೋದು ಕಲಿಸೋಕೆ ಹದಿನೈದು ದಿವ್ಸ ಬೇಕಿತ್ತಾ ಅವ್ರಿಗೆ?" ಎಂದರು ಡ್ರೈವರು. ಅಷ್ಟರಲ್ಲಿ ನನ್ನ ಅಂಗೈ ಅಂಚು ಅವರ ಮಂಡಿಚಿಪ್ಪಿನ ಕೆಳಗೆ ಸರಿಯಾದ ಜಾಗಕ್ಕೆ ಬಿತ್ತು. ಜೋತುಬಿದ್ದಿದ್ದ ಕಾಲು ತನ್ನಷ್ಟಕ್ಕೆ ತಾನೇ ಮುಂದಕ್ಕೆ ಒದೆಯಿತು. ಎದುರಿಗಿದ್ದ ಸ್ಟೂಲು ಉರುಳಿತು. "ಅಲ್ಲಾ! ನಾನು ಒದೀಲಿಲ್ಲ ಕಣಮ್ಮಾ, ಅದೇ ಒದ್ದಿದ್ದು!" ಎಂದು ಅವರು ತಮ್ಮ ಕಾಲನ್ನೇ ಅಪನಂಬಿಕೆಯಿಂದ ನೋಡಿಕೊಂಡರು. ನನಗೆ ಕೇಕೆ ಹಾಕುವಷ್ಟು ಖುಷಿಯಾಯಿತು.

ಆ ಹದಿನೈದು ದಿನವೂ ನಾನು ಒಂದು ಬಗೆಯ ಸಂಭ್ರಮದಲ್ಲಿದ್ದೆ. ತರಬೇತಿ ಬಸುರಿ ನಂಜಿನ ಬಗ್ಗೆ. ಬಸುರಿಯರಿಗೆ ದಿನ ತುಂಬುವ ಹೊತ್ತಿಗೆ ರಕ್ತದೊತ್ತಡ ಏರಿ, ಮೈ ಊದಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಕೊನೆಗೆ ಫಿಟ್ಸ್ ಬರುವ ಕಾಯಿಲೆ. ನಮ್ಮ ಕಡೆ ಅದನ್ನು ಗಾಳಿ ಸೋಕಿತು, ಗ್ರಹ ಹಿಡಿಯಿತು ಎನ್ನುತ್ತಿದ್ದರು. ಅಲ್ಲಿಯವರೆಗೆ ನಮ್ಮಂಥ ಸಣ್ಣ ಆಸ್ಪತ್ರೆಗೆ ಅಂಥವರು ಬಂದರೆ ನಾವು ಮಾಡುತ್ತಿದ್ದದ್ದು ಒಂದೇ ಕೆಲಸ, ಜೀಪು ಹತ್ತಿಸಿ ಹುಣಸೂರಿನ ದೊಡ್ಡ ಆಸ್ಪತ್ರೆಗೆ ಕಳಿಸುವುದು. ನಾನು ಸೇರಿದ ಮೊದಲ ವರ್ಷ ಹಾಗೆ ಕಳಿಸಿದ ಒಬ್ಬಳು ದಾರಿಯಲ್ಲಿ ಮೂರು ಸಲ ಫಿಟ್ಸ್ ಬಂದು, ಹುಣಸೂರು ಮುಟ್ಟುವ ಮುಂಚೆಯೇ ಹೋಗಿಬಿಟ್ಟಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಅದಾದ ಮೇಲೆ ಬಹಳ ದಿನ ನನಗೆ ಜೀಪು ಹತ್ತಲು ಮನಸ್ಸಾಗುತ್ತಿರಲಿಲ್ಲ.

ಈಗ ಅದಕ್ಕೊಂದು ಇಂಜೆಕ್ಷನ್ ಇದೆ, ಅದನ್ನು ನಾವೇ, ನರ್ಸುಗಳೇ, ಡಾಕ್ಟರ ಆರ್ಡರಿನ ಮೇಲೆ ಮೊದಲ ಡೋಸು ಕೊಟ್ಟು ಕಳಿಸಬಹುದು ಎಂದು ಗೊತ್ತಾದಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಮೆಗ್ನೀಷಿಯಂ ಸಲ್ಫೇಟ್. ಎಲ್ಲರೂ ಮ್ಯಾಗ್‌ಸಲ್ಫ್ ಎನ್ನುತ್ತಿದ್ದರು. ಆದರೆ ಪಾಠ ಹೇಳಿದ ಹಿರಿಯ ಸಿಸ್ಟರ್ ನಮ್ಮ ಉತ್ಸಾಹಕ್ಕೆ ಮೊದಲ ದಿನವೇ ಲಗಾಮು ಹಾಕಿದರು.

"ಈ ಔಷಧಿ ಫಿಟ್ಸ್ ನಿಲ್ಲಿಸುತ್ತೆ. ಮೈಯಲ್ಲಿ ಹೆಚ್ಚಾದ್ರೆ ಉಸಿರನ್ನೂ ನಿಲ್ಲಿಸುತ್ತೆ. ಆದ್ರೆ ಅದಕ್ಕೂ ಮುಂಚೆ ಮಂಡಿ ನಿಮಗೆ ಹೇಳುತ್ತೆ. ಹೊಡೆದ್ರೆ ಕಾಲು ಒದೀಬೇಕು. ಒದೀಲಿಲ್ಲ ಅಂದ್ರೆ ಮುಂದಿನ ಡೋಸು ಕೊಡಕೂಡದು. ನಿಮಿಷಕ್ಕೆ ಹದಿನಾರಕ್ಕಿಂತ ಕಮ್ಮಿ ಉಸಿರಾಡ್ತಿದ್ರೂ ಕೊಡಕೂಡದು. ಮೂತ್ರ ಸರಿಯಾಗಿ ಹೋಗ್ತಿಲ್ಲ ಅಂದ್ರೂ ಕೊಡಕೂಡದು, ಯಾಕಂದ್ರೆ ಔಷಧಿ ಹೊರಗೆ ಹೋಗೋ ದಾರಿ ಅದೊಂದೇ. ಕೈಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಇಲ್ಲದೆ ಮ್ಯಾಗ್‌ಸಲ್ಫ್ ಡಬ್ಬ ತೆಗೀಲೇಬೇಡಿ. ಇದರ ವಿಷ ಇಳಿಸೋ ಮದ್ದು ಅದೇ."

ನಾನು ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಬಂದೆ. ಬಂದವಳೇ ಆಸ್ಪತ್ರೆಯ ಎಲ್ಲರ ಮಂಡಿಗೂ ಹೊಡೆದೆ. ಜಾಗ ಸರಿಯಾಗಿ ಕೈಗೆ ಕೂರಬೇಕಲ್ಲ! ಆಯಾ, ಕಾಂಪೌಂಡರ್, ಲಸಿಕೆಗೆ ಮಗು ಎತ್ತಿಕೊಂಡು ಬಂದ ತಾಯಂದಿರು ಯಾರನ್ನೂ ಬಿಡಲಿಲ್ಲ. ಹೊರಗೆ ಚೀಟಿಗೆ ನಿಂತಿದ್ದ ಒಬ್ಬ ಮುದುಕರು ಇದನ್ನು ಕಂಡು ಪಂಚೆ ಮೇಲೆತ್ತಿಕೊಂಡು ಬಂದು ಕೂತರು. "ನಂಗೂ ಒಂದೇಟು ಆಕವ್ವ. ವರ್ಷಾತು ಮಂಡಿ ನೋವು ಬಂದು."

ದೊಡ್ಡ ಸಿಸ್ಟರ್ ಮಾತ್ರ ಮಂಡಿ ಕೊಡಲಿಲ್ಲ. "ಮೂವತ್ತು ವರ್ಷದಿಂದ ಇಂಜೆಕ್ಷನ್ ಕೊಡ್ತಾ ಇದೀನಿ ಕಣಮ್ಮ. ಯಾವ ಇಂಜೆಕ್ಷನ್‌ಗೂ ಮಂಡಿ ಕೇಳ್ಕೊಂಡು ಕೊಟ್ಟಿಲ್ಲ," ಎಂದರು.

ಅವರಿಗೆ ಇನ್ನೂ ನಗು ತರಿಸಿದ್ದು ನಾನು ತಂದ ಇನ್ನೊಂದು ಪದ್ಧತಿ. ಒಬ್ಬರು ಆಂಪೂಲಿನ, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆಯ, ಮೇಲೆ ಬರೆದದ್ದನ್ನು ಜೋರಾಗಿ ಓದಬೇಕು, ಇನ್ನೊಬ್ಬರು ಅದನ್ನು ಕಣ್ಣಲ್ಲಿ ನೋಡಿ ಹೌದೆನ್ನಬೇಕು, ಆಮೇಲೇ ಒಡೆಯಬೇಕು. ಈ ಔಷಧಿ ಬೇರೆ ಬೇರೆ ಶಕ್ತಿಯಲ್ಲಿ ಬರುತ್ತದೆ, ಗಾಜು ಮಾತ್ರ ನೋಡಲು ಒಂದೇ ಥರ. ನಮಗೆ ಬೇಕಾದದ್ದು ಐವತ್ತು ಪರ್ಸೆಂಟಿನದು. ಅದರ ಒಂದು ಆಂಪೂಲಿಗೆ ಒಂದು ಗ್ರಾಂ. ಮೊದಲ ಡೋಸಿಗೆ ಹತ್ತು ಗ್ರಾಂ, ಅಂದರೆ ಎಡ ಸೊಂಟಕ್ಕೆ ಐದು, ಬಲ ಸೊಂಟಕ್ಕೆ ಐದು. ಒಂದು ಕೆಂಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತು ಆಂಪೂಲು, ಎರಡು ದೊಡ್ಡ ಸಿರಿಂಜು, ಉದ್ದನೆಯ ಸೂಜಿಗಳು, ಚುಚ್ಚಿದ ಕಡೆ ನೋವು ಕಮ್ಮಿಯಾಗಲು ಲಿಗ್ನೋಕೇನ್, ಪಕ್ಕದಲ್ಲೇ ಕ್ಯಾಲ್ಸಿಯಂ ಇಟ್ಟು, ಮುಚ್ಚಳದ ಮೇಲೆ ಏನೇನಿದೆ ಎಂದು ಬರೆದು ಅಂಟಿಸಿದೆ. ಡಾಕ್ಟರು ಅದನ್ನು ನೋಡಿ ಖುಷಿಪಟ್ಟು, ಡೋಸಿನ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಹೆರಿಗೆ ಕೋಣೆಯ ಗೋಡೆಗೆ ಹಾಕಿಸಿದರು.

"ಒಂದನೇ ಕ್ಲಾಸ್ ಮಕ್ಕಳು ಮಗ್ಗಿ ಹೇಳ್ದಂಗೆ ಓದ್ಬೇಕಾ ನಾನು, ಈ ವಯಸ್ಸಲ್ಲಿ?" ಎಂದು ದೊಡ್ಡ ಸಿಸ್ಟರ್ ಗೊಣಗಿದರು. ಆದರೂ ನನ್ನ ಕಾಟ ತಾಳಲಾರದೆ ಎರಡು ಸಲ ಓದಿ ಅಭ್ಯಾಸ ಮಾಡಿದರು. ಎರಡನೆಯ ಸಲ ನಾನು ಹುರುಪಿನಲ್ಲಿ ನಿಜವಾಗಿಯೂ ಒಂದು ಆಂಪೂಲು ಒಡೆದುಬಿಟ್ಟೆ. ಅದರ ಜಾಗಕ್ಕೆ ಇನ್ನೊಂದನ್ನು ಇಡಬೇಕೆಂದುಕೊಂಡವಳು ಮರೆತೆ. ಇದನ್ನು ಇಂದಿಗೂ ನಾಚಿಕೆಯಿಂದಲೇ ಹೇಳಬೇಕು.

ಎರಡು ತಿಂಗಳು ಕೆಂಪು ಡಬ್ಬಿಯ ಅಗತ್ಯವೇ ಬೀಳಲಿಲ್ಲ.

ಹೊಗೆಸೊಪ್ಪು ಬೇಯಿಸುವ ಕಾಲ. ಊರಿನ ಬ್ಯಾರನ್ನುಗಳಿಂದೆಲ್ಲ, ಸೊಪ್ಪು ಬೇಯಿಸುವ ಆ ಎತ್ತರದ ಗೂಡುಗಳಿಂದೆಲ್ಲ, ಹೊಗೆ ಏಳುತ್ತಿತ್ತು, ಗಾಳಿಯಲ್ಲಿ ಬೆಂದ ಸೊಪ್ಪಿನ ಸಿಹಿಯಾದ ಘಾಟು. ಒಂದು ಬುಧವಾರ, ಬೆಳಿಗ್ಗೆ ಹತ್ತೂವರೆ ಇರಬೇಕು. ಡಾಕ್ಟರು ಮೀಟಿಂಗಿಗೆಂದು ಮೈಸೂರಿಗೆ ಹೋಗಿದ್ದರು. ನಾನು ಲಸಿಕೆ ಹಾಕುತ್ತಾ ಕೂತಿದ್ದೆ. ಗೇಟಿನ ಹತ್ತಿರ ಒಂದು ಗೂಡ್ಸ್ ಆಟೋ ಹಾರನ್ ಒತ್ತಿ ಹಿಡಿದುಕೊಂಡೇ ಒಳಗೆ ನುಗ್ಗಿತು. ಹಿಂದೆ ಗೋಣಿಚೀಲಗಳ ಮೇಲೆ ಒಬ್ಬ ಬಸುರಿ, ಅವಳ ತಲೆ ಹಿಡಿದುಕೊಂಡು ಅವಳ ಅತ್ತೆ.

ನಾನು ಓಡುವಷ್ಟರಲ್ಲಿ ಫಿಟ್ಸ್ ಶುರುವಾಗಿತ್ತು. ಹಲ್ಲು ಕಚ್ಚಿ, ಕಣ್ಣು ಮೇಲೆ ಸಿಕ್ಕಿಕೊಂಡು, ಇಡೀ ಮೈ ಜಗ್ಗುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಸೊಸೆಯ ಮುಷ್ಟಿಗೆ ಬೀಗದ ಕೈ ತುರುಕುತ್ತಾ, ಇನ್ನೊಂದು ಕೈಯಲ್ಲಿ ಹಲ್ಲಿನ ಸಂದಿಗೆ ಚಮಚ ಹಾಕಲು ನೋಡುತ್ತಿದ್ದಳು.

"ಚಮಚ ತೆಗೀರಿ ಅಮ್ಮ! ಬಾಯಿಗೆ ಏನೂ ಹಾಕ್ಬೇಡಿ!"

"ನಾಲ್ಗೆ ಕಚ್ಕತಾಳೆ ಕಣವ್ವ!"

"ಕಚ್ಚಿದ್ರೆ ವಾಸಿಯಾಗುತ್ತೆ. ಉಸಿರು ಕಟ್ಟಿದ್ರೆ ಏನ್ ಮಾಡೋದು? ಕೀ ಬೇಕಾದ್ರೆ ಕೈಯಲ್ಲೇ ಇರ್ಲಿ."

ಅವಳು ತಕ್ಷಣ ಚಮಚ ಬಿಸಾಕಿದಳು. ನಾನು, ಡ್ರೈವರು, ಆಯಾ ಸೇರಿ ಬಸುರಿಯನ್ನು ಇಳಿಸಿ, ಹೆರಿಗೆ ಕೋಣೆಯ ಮಂಚದ ಮೇಲೆ ಎಡಮಗ್ಗುಲಿಗೆ ಮಲಗಿಸಿದೆವು. ದೊಡ್ಡ ಸಿಸ್ಟರ್ ಬಾಯಿಯ ನೊರೆ ಒರೆಸಿ ಆಕ್ಸಿಜನ್ ಹಚ್ಚಿದರು. ಒಂದೂವರೆ ನಿಮಿಷದಲ್ಲಿ ಮೈ ಸಡಿಲವಾಯಿತು. ಗೊರ್ ಗೊರ್ ಎಂದು ಉಸಿರಾಡುತ್ತಾ, ಕರೆದರೆ ಓಗೊಡದೆ ಮಲಗಿದಳು. ಆಗ ಅವಳ ಮುಖ ಸರಿಯಾಗಿ ಕಂಡಿತು. ಎರಡು ತಿಂಗಳ ಹಿಂದೆ ತಪಾಸಣೆಗೆ ಬಂದಿದ್ದ ಹುಡುಗಿ! ಆವಾಗ ಮಂಡಿಗೆ ಹೊಡೆಸಿಕೊಂಡು ನಕ್ಕೂ ನಕ್ಕೂ ಸುಸ್ತಾಗಿದ್ದಳು. ಆಮೇಲೆ ಸೊಪ್ಪಿನ ಕೆಲಸವೆಂದು ಬಂದೇ ಇರಲಿಲ್ಲ. ಈಗ ಕಣ್ಣಿನ ರೆಪ್ಪೆ ಬಾತು, ಕಾಲುಂಗುರ ಮಾಂಸದೊಳಗೆ ಹೂತುಹೋಗಿತ್ತು.

"ಬೆಳಿಗ್ಗೆಯಿಂದ ತಲೆನೋವು, ಕಣ್ಣು ಮಂಜು ಅಂತಿದ್ಲು," ಎಂದಳು ಅತ್ತೆ. "ಗಂಡ ಸೊಪ್ಪಿನ ಅರಾಜಿಗೆ ಓಗವ್ನೆ. ಮನೇಲಿ ಒಂದ್ ಸಲ ಇಂಗೇ ಆಯ್ತು. ಗಾಳಿ ಬುಡಿಸೋಕೆ ಕರ್ಕೊಂಡು ಓಗಿ ಅಂದ್ರು ಎಲ್ರೂವೆ. ನಾನೇ ಬ್ಯಾಡ ಅಂದೆ. ಮೊದ್ಲು ಆಸ್ಪತ್ರೆ, ಆಮೇಲೆ ಗಾಳಿ ಅಂದೆ. ತಪ್ಪು ಮಾಡ್ದ್ನಾ ಸಿಸ್ಟ್ರಮ್ಮ?"

"ಇಲ್ಲಮ್ಮ, ನೀವು ಮಾಡಿದ್ದೇ ಸರಿ," ಎಂದೆ. ಆ ಗದ್ದಲದಲ್ಲೂ ಆ ಹೆಂಗಸಿನ ಕಾಲಿಗೆ ಬೀಳೋಣ ಎನಿಸಿತು.

ರಕ್ತದೊತ್ತಡ ನೂರ ಎಪ್ಪತ್ತರ ಮೇಲಿತ್ತು, ಕೆಳಗಿನದು ನೂರ ಇಪ್ಪತ್ತು. ಕೊಳವೆ ಹಾಕಿ ತೆಗೆದ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿದರೆ ಒಡೆದ ಹಾಲಿನಂತೆ ಬೆಳ್ಳಗೆ ಕಟ್ಟಿಕೊಂಡಿತು. ಇನ್ನು ಅನುಮಾನವೇ ಇರಲಿಲ್ಲ. ಆಗಷ್ಟೇ ಮೊಬೈಲು ಕೊಂಡಿದ್ದ ಡಾಕ್ಟರಿಗೆ ಆಸ್ಪತ್ರೆಯ ಫೋನಿನಿಂದ ಕರೆ ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಕೊಡಿ ಸಿಸ್ಟರ್. ಮೊದಲ ಡೋಸು, ಎರಡೂ ಕಡೆ. ಎಷ್ಟು ಕೊಡ್ತೀರಿ, ನೀವೇ ನನಗೆ ಹೇಳಿ," ಎಂದರು.

"ಐವತ್ತು ಪರ್ಸೆಂಟಿಂದು, ಒಂದೊಂದು ಕಡೆ ಐದು ಆಂಪೂಲು ಸರ್. ಐದು ಗ್ರಾಂ, ಐದು ಗ್ರಾಂ. ಆಳವಾಗಿ, ಮಾಂಸಕ್ಕೆ."

"ಕೊಡೋ ಮೊದಲು?"

"ಉಸಿರು ಎಣಿಸಿದೀನಿ ಸರ್, ಇಪ್ಪತ್ತೆರಡು ಇದೆ. ಮಂಡಿ ಒದೀತಾ ಇದೆ, ಜೋರಾಗೇ ಒದೀತಾ ಇದೆ. ಮೂತ್ರ ಬಂದಿದೆ. ಕ್ಯಾಲ್ಸಿಯಂ ಡಬ್ಬಿಯಲ್ಲೇ ಇದೆ."

"ಕೊಡಿ. ಕೊಟ್ಟ ಟೈಮು ಚೀಟಿಯಲ್ಲಿ ಬರೆದು ಅವಳ ಕೈಗೇ ಕಟ್ಟಿ. ಅಲ್ಲಿ ಗೊತ್ತಿಲ್ಲದೆ ಮತ್ತೆ ಮೊದಲ ಡೋಸು ಕೊಟ್ಟುಬಿಟ್ಟಾರು. ಹುಣಸೂರಿಗೆ ನಾನೇ ಫೋನ್ ಮಾಡ್ತೀನಿ."

ಕೆಂಪು ಡಬ್ಬಿ ತೆಗೆದೆ. ನನ್ನೊಳಗಿದ್ದದ್ದು ಬರೀ ಭಯವಲ್ಲ. ಈ ಸಲ ನನ್ನ ಕೈ ಖಾಲಿ ಇಲ್ಲ ಎನ್ನುವ ಒಂದು ಉಬ್ಬರ.

ದೊಡ್ಡ ಸಿಸ್ಟರ್ ನನ್ನ ಎದುರಿಗೆ ನಿಂತು, ಕನ್ನಡಕ ಏರಿಸಿಕೊಂಡು, ಮೊದಲ ಆಂಪೂಲು ಎತ್ತಿ ಓದತೊಡಗಿದರು. "ಮೆಗ್ನೀಷಿಯಂ ಸಲ್ಫೇಟ್. ಐವತ್ತು. ಒಂದು." ನಾನು ನೋಡಿದೆ, ಹೌದೆಂದೆ, ಒಡೆದೆ. "ಐವತ್ತು. ಎರಡು." ಮೂರು, ನಾಲ್ಕು, ಐದು. ಮೊದಲ ಸಿರಿಂಜು ತುಂಬಿತು. ಎರಡನೆಯದಕ್ಕೆ ಶುರು ಮಾಡಿದೆವು. ಒಂಬತ್ತಾದ ಮೇಲೆ ಡಬ್ಬಿಯಲ್ಲಿ ಆಂಪೂಲಿರಲಿಲ್ಲ. ನಾನು ಅಭ್ಯಾಸಕ್ಕೆಂದು ಒಡೆದದ್ದು ಆಗ ನೆನಪಾಯಿತು.

"ಹೆದರ್ಬೇಡ, ಸ್ಟೋರಲ್ಲಿದೆ," ಎಂದು ದೊಡ್ಡ ಸಿಸ್ಟರ್ ಅಲಮಾರಿಯ ಮೇಲಿನ ಖಾನೆಯಿಂದ ಒಂದನ್ನು ತೆಗೆದುಕೊಂಡು ಬಂದರು. ಅದೇ ಗಾಜು, ಅದೇ ಅಳತೆ, ಅದೇ ಅಕ್ಷರ. ನಾನು ಒಡೆಯಲು ಕೈ ಚಾಚಿದೆ. ಅವರು ಕೊಡಲಿಲ್ಲ. ಓದಿದರು. "ಮೆಗ್ನೀಷಿಯಂ ಸಲ್ಫೇಟ್..." ಅಲ್ಲಿಗೇ ನಿಂತರು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

"ಇಪ್ಪತ್ತೈದು ಕಣಮ್ಮ ಇದು. ಐವತ್ತಲ್ಲ."

ಅರ್ಧ ಶಕ್ತಿಯದು. ಹಳೆಯ ಸರಬರಾಜಿನಲ್ಲಿ ಯಾವಾಗಲೋ ಬಂದದ್ದು. ಇದು ಕಮ್ಮಿ ಶಕ್ತಿಯದಾದ್ದರಿಂದ ಆ ದಿನ ದೊಡ್ಡ ಅನಾಹುತವೇನೂ ಆಗುತ್ತಿರಲಿಲ್ಲ. ಆದರೆ ಇದೇ ತಪ್ಪು ಇನ್ನೊಂದು ದಿಕ್ಕಿಗೆ ಆಗಿದ್ದರೆ, ಇಪ್ಪತ್ತೈದೆಂದುಕೊಂಡು ಐವತ್ತರದನ್ನು ತುಂಬಿದ್ದರೆ? ಅದನ್ನು ಯೋಚಿಸಲು ಆಗ ಸಮಯವಿರಲಿಲ್ಲ. ದೊಡ್ಡ ಸಿಸ್ಟರ್ ಅದನ್ನು ಪಕ್ಕಕ್ಕಿಟ್ಟು, ಕೆಳಗಿನ ಖಾನೆಯಲ್ಲಿದ್ದ ಹೊಸ ಪೆಟ್ಟಿಗೆ ಬಿಚ್ಚಿಸಿ, ಮತ್ತೊಂದನ್ನು ತಂದು ಓದಿದರು. "ಐವತ್ತು. ಹತ್ತು." ಒಂದನೇ ಕ್ಲಾಸಿನ ಮಗುವಿನಷ್ಟೇ ಜೋರಾಗಿ.

ಎರಡೂ ಸಿರಿಂಜಿಗೆ ಲಿಗ್ನೋಕೇನ್ ಸೇರಿಸಿದೆ. ಉದ್ದನೆಯ ಸೂಜಿಯನ್ನು ಪೃಷ್ಠದ ಮೇಲ್ಭಾಗದ ಹೊರಮಗ್ಗುಲಿಗೆ ಆಳವಾಗಿ ಇಳಿಸಿ, ರಕ್ತ ಬರುವುದಿಲ್ಲವೆಂದು ಹಿಂದಕ್ಕೆಳೆದು ನೋಡಿ, ನಿಧಾನಕ್ಕೆ ತಳ್ಳಿದೆ. ಅಷ್ಟು ಔಷಧಿ ಒಂದೇ ಕಡೆ ಹೋಗುವಾಗ ಹೆಬ್ಬೆರಳು ನೋಯುತ್ತದೆ. ಪ್ರಜ್ಞೆ ಇಲ್ಲದಿದ್ದರೂ ಅವಳು ಮುಲುಗಿದಳು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಯ್ಯೋ ನನ್ ಕೂಸೆ, ಬತ್ತದ ಮೂಟೆಗೆ ದಬ್ಳ ಚುಚ್ಚಿದಂಗೆ ಚುಚ್ತಾ ಅವ್ರಲ್ಲಾ," ಎಂದು ಕಣ್ಣೊರೆಸಿಕೊಂಡಳು. ಹನ್ನೊಂದು ಹತ್ತಕ್ಕೆ ಎರಡನೆಯ ಇಂಜೆಕ್ಷನ್ನೂ ಮುಗಿಯಿತು. ಟೈಮು, ಡೋಸು, ಬಿ.ಪಿ. ಎಲ್ಲ ಬರೆದು, ಬ್ಯಾಂಡೇಜ್ ಬಟ್ಟೆಯ ಚೂರಿನಲ್ಲಿ ಚೀಟಿಯನ್ನು ಅವಳ ಮುಂಗೈಗೆ ಕಟ್ಟಿದೆ.

ಇನ್ನೊಬ್ಬಳು ಹೆರಿಗೆ ನೋವಿನಲ್ಲಿ ವಾರ್ಡಿನಲ್ಲಿದ್ದಳು. ಆದ್ದರಿಂದ ದೊಡ್ಡ ಸಿಸ್ಟರ್ ಉಳಿದುಕೊಂಡರು. ಜೀಪಿನ ಹಿಂದೆ ಹಾಸಿಗೆ ಹಾಸಿ ಬಸುರಿಯನ್ನು ಮಲಗಿಸಿ, ತಲೆಯ ಬಳಿ ನಾನು, ಕಾಲಿನ ಬಳಿ ಅತ್ತೆ ಕೂತೆವು. ಹೊರಡುವಾಗ ದೊಡ್ಡ ಸಿಸ್ಟರ್ ಕಿಟಕಿಯಿಂದ ಕೈ ಹಾಕಿ ಕ್ಯಾಲ್ಸಿಯಂ ಆಂಪೂಲನ್ನೂ ಸಿರಿಂಜನ್ನೂ ನನ್ನ ಮಡಿಲಿಗಿಟ್ಟರು. "ಮಂಡಿ ನೋಡ್ಕೊಂಡು ಹೋಗು," ಎಂದರು. ನಗಲಿಲ್ಲ.

ಆ ದಾರಿ ಈಗಿನಂತಿರಲಿಲ್ಲ. ಡಾಂಬರಿಗಿಂತ ಗುಂಡಿಯೇ ಹೆಚ್ಚು. ಕಾಲು ಗಂಟೆಗೊಮ್ಮೆ ಮಂಡಿ ನೋಡಬೇಕು, ಆದರೆ ಕುಣಿಯುವ ಜೀಪಿನಲ್ಲಿ ಕಾಲು ಒದ್ದದ್ದು ನನ್ನ ಏಟಿಗೋ ರಸ್ತೆಯ ಏಟಿಗೋ ತಿಳಿಯುವುದು ಹೇಗೆ? ಡ್ರೈವರೇ ಉಪಾಯ ಹೇಳಿದರು.

"ಸಿಸ್ಟರಮ್ಮ, ನೀವು ವಾಚ್ ನೋಡಿ. ಟೈಮ್ ಆದ್ರೆ ಹೂಂ ಅನ್ನಿ. ನಾನು ನಿಲ್ಲಿಸ್ತೀನಿ, ಇಂಜಿನ್ ಕೂಡ ಆಫ್ ಮಾಡ್ತೀನಿ. ಮಂಡಿ ಒದ್ದಿದ್ ತಕ್ಷಣ ಹೇಳಿ, ಬಿಟ್ಕೊಂಡು ಹೋಗೋದೇ."

ಹಾಗೇ ಹೊರಟೆವು. ಮೊದಲ ಸಲ ನಿಲ್ಲಿಸಿದ್ದು ಒಂದು ಹುಣಸೆ ಮರದ ಕೆಳಗೆ. ಉಸಿರು ಎಣಿಸಿದೆ, ಇಪ್ಪತ್ತು. ತೊಡೆಯ ಕೆಳಗೆ ಕೈ ಕೊಟ್ಟು ಮಂಡಿ ಎತ್ತಿ ಹೊಡೆದೆ. ಒದ್ದಿತು. "ಒದೀತು!" ಎಂದು ಕೂಗಿದೆ. ಡ್ರೈವರು "ಶಭಾಷ್!" ಎಂದು ಇಂಜಿನ್ ಹಚ್ಚಿದರು. ಕೊಳವೆಗೆ ಕಟ್ಟಿದ್ದ ಚೀಲದಲ್ಲಿ ಮೂತ್ರ ಹನಿಹನಿಯಾಗಿ ಬೀಳುತ್ತಿತ್ತು. ಫಿಟ್ಸ್ ಬರಲಿಲ್ಲ. ಪ್ರತಿ ನಿಮಿಷವೂ ಅವಳ ಬೆರಳುಗಳನ್ನೇ ನೋಡುತ್ತಿದ್ದೆ, ಈಗ ಸೆಟೆಯುತ್ತವೆ, ಈಗ ಸೆಟೆಯುತ್ತವೆ ಎಂದು. ಸೆಟೆಯಲಿಲ್ಲ! ಮೊದಲ ವರ್ಷ ನನ್ನ ತೊಡೆಯ ಮೇಲೆ ಹೋದವಳಿಗೆ ಇಷ್ಟು ದಾರಿ ಬರುವುದರೊಳಗೆ ಎರಡು ಸಲ ಬಂದಿತ್ತು.

ಎರಡನೆಯ ಸಲ ಒಂದು ಕೆರೆ ಏರಿಯ ಪಕ್ಕ ನಿಲ್ಲಿಸಿದರು. ಉಸಿರು ಹದಿನೆಂಟು. ಮಂಡಿಗೆ ಹೊಡೆದೆ. ಕಾಲು ಅಲುಗಲಿಲ್ಲ.

ಮತ್ತೆ ಹೊಡೆದೆ. ಇಲ್ಲ.

ಇಷ್ಟು ಬೇಗ ಹೇಗೆ? ಡೋಸು ಹೆಚ್ಚಾಯಿತೇ? ಹತ್ತೂ ಆಂಪೂಲು ಓದಿದ್ದೆವಲ್ಲ? ಇನ್ನೊಮ್ಮೆ ಉಸಿರು ಎಣಿಸಿದೆ, ಪೂರ್ತಿ ಒಂದು ನಿಮಿಷ, ಅವಳ ಎದೆಯ ಮೇಲೆ ಕೈಯಿಟ್ಟು. ಹದಿನೆಂಟೇ. ಚೀಲದಲ್ಲಿ ಮೂತ್ರವೂ ಸರಿಯಾಗಿಯೇ ಇತ್ತು. ಮಡಿಲಲ್ಲಿದ್ದ ಕ್ಯಾಲ್ಸಿಯಂ ಮುಟ್ಟಿ ನೋಡಿಕೊಂಡೆ. ಉಸಿರು ಸರಿಯಿರುವಾಗ ಅದನ್ನು ಕೊಡಬೇಕಾಗಿಲ್ಲ ಎಂದು ಬುದ್ಧಿ ಹೇಳುತ್ತಿತ್ತು, ಕೈ ಮಾತ್ರ ಸಿರಿಂಜಿನ ಕಡೆಗೇ ಹೋಗುತ್ತಿತ್ತು.

"ಏನಾಯ್ತು ಸಿಸ್ಟರಮ್ಮ?" ಡ್ರೈವರು ಹಿಂದಕ್ಕೆ ತಿರುಗಿದರು. "ಒದೀಲಿಲ್ವಾ?"

ಆಗ ನನ್ನ ಕಣ್ಣು ಅತ್ತೆಯ ಮೇಲೆ ಬಿತ್ತು. ಅವಳು ಸೊಸೆಯ ಪಾದವನ್ನು ಎರಡೂ ಕೈಯಲ್ಲಿ ತಬ್ಬಿ, ತನ್ನ ಮಡಿಲಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳು.

"ಅಮ್ಮಾ! ಕಾಲು ಬಿಡಿ!"

"ಆಂ?"

"ಕಾಲು ಬಿಡಿ ಅಮ್ಮ, ನೀವು ಹಿಡ್ಕೊಂಡ್ರೆ ಅದು ಹೆಂಗೆ ಒದೀಬೇಕು?"

ಅವಳು ಬೆಂಕಿ ಮುಟ್ಟಿದವಳಂತೆ ಕೈ ತೆಗೆದಳು. ನಾನು ಮಂಡಿಯನ್ನು ಸಡಿಲವಾಗಿ ಎತ್ತಿ, ಉಸಿರು ಬಿಗಿಹಿಡಿದು, ಹೊಡೆದೆ. ಕಾಲು ಚಿಮ್ಮಿತು. ಹಿಮ್ಮಡಿ ನೇರವಾಗಿ ಅತ್ತೆಯ ಮೊಣಕೈಗೆ ಬಡಿಯಿತು.

"ಒದ್ಲು! ಒದ್ಲು ಕಣವ್ವೋ ನನ್ ಸೊಸೆ!" ಎಂದು ಅವಳು ಅಳುತ್ತಾ ನಗುತ್ತಾ ಕೂಗಿದಳು. ಸೊಸೆಯಿಂದ ಒದೆಸಿಕೊಂಡು ಅಷ್ಟು ಸಂತೋಷಪಟ್ಟ ಅತ್ತೆಯನ್ನು ನಾನು ಮತ್ತೆ ನೋಡಿಲ್ಲ. ಡ್ರೈವರು ಸ್ಟಿಯರಿಂಗಿನ ಮೇಲೆ ಗುದ್ದಿದರು, ಹಾರನ್ ಕೂಗಿತು, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತು ನಮ್ಮನ್ನೇ ನೋಡಿದರು.

ಹುಣಸೂರಿನ ಆಸ್ಪತ್ರೆ ತಲುಪಿದಾಗ ಸ್ಟ್ರೆಚರು ಬಾಗಿಲಲ್ಲೇ ಕಾದಿತ್ತು. ನಮ್ಮ ಡಾಕ್ಟರ ಫೋನು ನಮಗಿಂತ ಮುಂಚೆ ಮುಟ್ಟಿತ್ತು. ಅಲ್ಲಿನ ಡಾಕ್ಟರಮ್ಮ ಮೊದಲು ನೋಡಿದ್ದೇ ಮುಂಗೈಯ ಚೀಟಿಯನ್ನು. ಬಿಚ್ಚಿ ಓದಿ, "ಹನ್ನೊಂದು ಹತ್ತು. ಹಾಗಾದ್ರೆ ಮುಂದಿನ ಡೋಸು ಮೂರು ಹತ್ತಕ್ಕೆ, ಮಂಡಿ, ಉಸಿರು, ಮೂತ್ರ ನೋಡ್ಕೊಂಡು," ಎಂದು ತಮ್ಮ ಸಿಸ್ಟರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ದಾರೀಲಿ ಎಷ್ಟು ಸಲ ಫಿಟ್ಸ್ ಬಂತು?"

"ಒಂದೂ ಇಲ್ಲ ಮೇಡಂ."

ಅವರು ನನ್ನ ಭುಜದ ಮೇಲೊಮ್ಮೆ ಕೈಯಿಟ್ಟು ಒಳಗೆ ಹೋದರು.

ನಾನು ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ಡ್ರೈವರೂ ಹೋಗೋಣ ಎನ್ನಲಿಲ್ಲ. ರಕ್ತದೊತ್ತಡ ಇಳಿಸಿ, ಹೆರಿಗೆ ನೋವು ಬರಿಸುತ್ತಿದ್ದಾರೆ ಎಂದು ಒಳಗಿನಿಂದ ಸುದ್ದಿ ಬಂತು. ಮೂರು ಗಂಟೆ ದಾಟಿದ ಮೇಲೆ ಆ ಸಿಸ್ಟರ್ ಹೊರಗೆ ಬಂದು, "ಮಂಡಿ ಚೆನ್ನಾಗಿದೆ, ಎರಡನೇ ಡೋಸು ಕೊಟ್ವಿ," ಎಂದು ನನಗೆಂದೇ ಹೇಳಿ ಹೋದರು. ಐದು ಗಂಟೆಯ ಸುಮಾರಿಗೆ ಅವಳ ಗಂಡ ಹರಾಜಿನ ಜಾಗದಿಂದ ಓಡೋಡಿ ಬಂದ, ಅಂಗಿಯ ತುಂಬಾ ಸೊಪ್ಪಿನ ಪುಡಿ. ಬಂದವನು ಉಸಿರು ತಿರುಗಿಸಿಕೊಂಡು ಕೂರುವಷ್ಟರಲ್ಲಿ ಒಳಗಿನಿಂದ ಮಗುವಿನ ಅಳು ಕೇಳಿಸಿತು. ಸಣ್ಣ ಅಳು, ಬೆಕ್ಕಿನ ಮರಿಯದಂತೆ, ಆದರೆ ಬಿಡದೆ ಅಳುತ್ತಿತ್ತು. ಹೆಣ್ಣು ಮಗು. ತೂಕ ಕಡಿಮೆ, ಆದರೆ ಮೈ ಬಣ್ಣ ಕೆಂಪಗೆ.

ಅತ್ತೆ ಎದ್ದು ಬಂದು ನನ್ನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡಳು. "ಊಟ ಮಾಡಿದ್ಯೇನವ್ವ?" ಎಂದಳು. ಆಗಲೇ ನನಗೆ ನೆನಪಾದದ್ದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು.

ಹಿಂದಿರುಗುವ ದಾರಿಯಲ್ಲಿ ನಮ್ಮಿಬ್ಬರ ಬಾಯಿಯೂ ನಿಲ್ಲಲಿಲ್ಲ. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಟೀ ಕುಡಿಯಲು ಇಳಿದರೆ, ಡ್ರೈವರು ಟೀ ಅಂಗಡಿಯವನಿಗೆ ಇಡೀ ಕಥೆ ಹೇಳಿ, ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಮಂಡಿಗೆ ಹೊಡೆದೂ ತೋರಿಸಿದರು. ಜಾಗ ತಪ್ಪಿ ಕಾಲು ಅಲುಗಲಿಲ್ಲ. "ನೀನು ಔಷಧಿ ತಗೊಂಡಿದ್ದೀಯೇನಪ್ಪಾ?" ಎಂದು ಗಂಭೀರವಾಗಿ ಕೇಳಿದರು. ನಾನು ಟೀ ಚೆಲ್ಲುವಷ್ಟು ನಕ್ಕೆ.

ಮಾರನೆಯ ಬೆಳಿಗ್ಗೆ ಎದ್ದವಳೇ ಮೊದಲು ಕೆಂಪು ಡಬ್ಬಿಗೆ ಹತ್ತು ಆಂಪೂಲು ತುಂಬಲು ಹೋದೆ. ಆಗಲೇ ತುಂಬಿತ್ತು. ಇಪ್ಪತ್ತೈದರವುಗಳನ್ನೆಲ್ಲ ಅಲಮಾರಿಯಿಂದ ತೆಗೆದು, ಒಂದು ಪೆಟ್ಟಿಗೆಗೆ ಹಾಕಿ, ಮೇಲೆ "ಮುಟ್ಟಬೇಡಿ, ವಾಪಸ್ ಕಳಿಸುವುದು" ಎಂದು ಬರೆದಿಡಲಾಗಿತ್ತು. ದೊಡ್ಡ ಸಿಸ್ಟರ ದುಂಡು ಅಕ್ಷರ. ಒಡೆದದ್ದನ್ನು ತುಂಬದೇ ಬಿಟ್ಟ ನನ್ನ ತಪ್ಪನ್ನು ನಾನೇ ಹೇಳಿಕೊಂಡೆ. ಅವರು ಬೈಯಲಿಲ್ಲ. "ಇನ್ಮೇಲೆ ಸೋಮವಾರ ಸೋಮವಾರ ಇಬ್ರೂ ಸೇರಿ ಎಣಿಸೋಣ," ಎಂದರು ಅಷ್ಟೆ. ಅವರು ನಿವೃತ್ತರಾಗುವವರೆಗೂ ಒಂದು ಸೋಮವಾರವೂ ತಪ್ಪಲಿಲ್ಲ. ಬೇರೆ ಆಸ್ಪತ್ರೆಗಳ ಸಿಸ್ಟರುಗಳು ಕಲಿಯಲು ಬಂದಾಗ ಆಂಪೂಲು ಓದುವುದನ್ನು ಅವರೇ ಹೇಳಿಕೊಡುತ್ತಿದ್ದರು, ನನ್ನನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ನಾಲ್ಕನೆಯ ದಿನ ಬಿಡುವು ಮಾಡಿಕೊಂಡು ಹುಣಸೂರಿಗೆ ಹೋದೆ. ಅವಳು ಮಂಚದ ಮೇಲೆ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಕಣ್ಣಿನ ಊತ ಇಳಿದು, ಮೊದಲು ಕಂಡಿದ್ದ ಮುಖ ಮರಳಿ ಬಂದಿತ್ತು. ಆ ಬುಧವಾರದ ಒಂದು ಕ್ಷಣವೂ ಅವಳ ನೆನಪಿನಲ್ಲಿರಲಿಲ್ಲ. ತಲೆನೋವು ಬಂದದ್ದು ಗೊತ್ತು. ಆಮೇಲೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮಗುವಿತ್ತು.

ಅತ್ತೆ ನನ್ನನ್ನು ತೋರಿಸಿ, "ಇವ್ರೇ ಕಣೆ ನಿನ್ನ ಕರ್ಕೊಂಡು ಬಂದಿದ್ದು," ಎಂದಳು.

ಹುಡುಗಿ ನನ್ನನ್ನು ಅನುಮಾನದಿಂದ ಮೇಲಿಂದ ಕೆಳಗೆ ನೋಡಿದಳು. "ಅಂಗಾದ್ರೆ ಸೊಂಟಕ್ಕೆ ಚುಚ್ಚಿದ್ದೂ ನೀವೇನಾ ಸಿಸ್ಟ್ರೆ? ನಾಕ್ ದಿವ್ಸ ಆಯ್ತು, ಕೂರೋಕಾಯ್ತಿಲ್ಲ, ಮಲಗೋಕಾಯ್ತಿಲ್ಲ!"

ನಾನು ಕ್ಷಮೆ ಕೇಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದಾಗ, ಅವಳು ಗಂಜಿಯ ಲೋಟ ಕೆಳಗಿಟ್ಟು, ಮಗುವನ್ನು ಬಟ್ಟೆ ಸಮೇತ ಎತ್ತಿ ನನ್ನ ಕೈಗೆ ಕೊಟ್ಟಳು. "ಸ್ವಲ್ಪ ಇಡ್ಕಳಿ," ಎಂದಳು. "ಅಷ್ಟೊತ್ತು ನಾನು ಮಗ್ಗುಲು ತಿರುಗ್ಕತೀನಿ."